ಓಟಿಪಿ ಬಂತಾ ಸಾರ್? ಸಣ್ಣ ಟ್ಯಾಕ್ಸ್ ಆಫೀಸಿನವರು ಜುಲೈ ದಾಟುವ ಬಗೆ

ಜುಲೈ ಕೊನೇ ವಾರ, ಅಂದರೆ ಆದಾಯ ತೆರಿಗೆ ರಿಟರ್ನ್ ಹಾಕುವ ಕೊನೇ ದಿನಗಳಲ್ಲಿ, ನಮ್ಮಂಥವರ ಆಫೀಸಿಗೆ ಬಂದರೆ ನಿಮಗೆ ಕೇಳಿಸುವ ಮಾತು ಒಂದೇ. "ಓಟಿಪಿ ಬಂತಾ ಸಾರ್?" ಫೋನಿನ ಆ ಕಡೆಯಿಂದ, "ಇಲ್ಲ ಕಣಮ್ಮಾ, ಮಗನ ಫೋನಿಗೆ ಹೋಗಿರ್ಬೇಕು, ಅವನು ಕಾಲೇಜಲ್ಲಿದ್ದಾನೆ." ಮಗ ಕ್ಲಾಸು ಮುಗಿಸಿ ಫೋನ್ ನೋಡುವ ಹೊತ್ತಿಗೆ ಓಟಿಪಿ ಸತ್ತಿರುತ್ತದೆ. ಮತ್ತೆ ಮೊದಲಿನಿಂದ.

ನನ್ನದು ತಾಲ್ಲೂಕು ಊರಿನ ಬಸ್ ಸ್ಟ್ಯಾಂಡ್ ಹತ್ತಿರದ ಎರಡು ಕೋಣೆಯ ಆಫೀಸು. ನಾನು, ಕೆಲಸಕ್ಕೆ ಇಬ್ಬರು ಹುಡುಗಿಯರು, ಮೂರು ಕಂಪ್ಯೂಟರ್, ಮನಸ್ಸು ಬಂದಾಗ ಓಡುವ ಒಂದು ಪ್ರಿಂಟರ್. ಪಾರ್ಟಿಗಳು ಸುಮಾರು ಮುನ್ನೂರೈವತ್ತು. ಮೇಷ್ಟ್ರುಗಳು, ಪೆನ್ಷನ್‌ದಾರರು, ಕಿರಾಣಿ ಅಂಗಡಿಯವರು, ಲಾರಿ ಮಾಲೀಕರು, ಕೊಬ್ಬರಿ ವ್ಯಾಪಾರಿಗಳು. ನಾನು ಸಿಎ ಅಲ್ಲ, ಟ್ಯಾಕ್ಸ್ ಪ್ರಾಕ್ಟೀಶನರ್. ಆದರೂ ಊರಿಗೆಲ್ಲ ನಾನು "ಆಡಿಟ್ರು". ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಹಲವು ಸೀಸನ್ ಒದ್ದಾಡಿದ ಮೇಲೆ ಒಂದು ಲೆಕ್ಕ ಗೊತ್ತಾಗಿದೆ. ಮಾಮೂಲಿ ರಿಟರ್ನ್ ತುಂಬಲು ಇಪ್ಪತ್ತು ನಿಮಿಷ ಸಾಕು. ಅದಕ್ಕೆ ಬೇಕಾದ ಕಾಗದ, ಪಾಸ್‌ವರ್ಡ್, ಓಟಿಪಿ ಕೈಗೆ ಬರಲು ಇಪ್ಪತ್ತು ದಿನ ಬೇಕು. ಸೀಸನ್ ಕೆಡಿಸುವುದು ಈ ಇಪ್ಪತ್ತು ದಿನ. ಹಾಗಾಗಿ ಇಲ್ಲಿ ತೆರಿಗೆ ಲೆಕ್ಕದ ಮಾತು ಕಮ್ಮಿ, ಆ ಇಪ್ಪತ್ತು ದಿನದ ಮಾತು ಜಾಸ್ತಿ. ಹೊಸದಾಗಿ ಆಫೀಸು ತೆರೆದವರಿಗೆ, ಒಬ್ಬರೇ ಕೂತು ಎಲ್ಲ ಮಾಡುವವರಿಗೆ ಉಪಯೋಗ ಆಗಬಹುದು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್, ಫಾರ್ಮ್ ನಂಬರ್‌ಗಳು ಬದಲಾಗಿವೆ. ನಾನು ಬಾಯಿಗೆ ರೂಢಿಯಾದ ಹಳೇ ನಂಬರನ್ನೇ ಬಳಸಿದ್ದೇನೆ.

ಏಪ್ರಿಲ್, ಮೇ: ಪಟ್ಟಿ ಮತ್ತು ಲಾಗಿನ್

ಮೊದಲು ಒಂದು ಎಕ್ಸೆಲ್ ಶೀಟ್ ಮಾಡಿ. ಹೋದ ವರ್ಷ ಫೈಲ್ ಮಾಡಿಸಿದ ಎಲ್ಲರ ಹೆಸರೂ ಅದರಲ್ಲಿರಲಿ. ಹೆಸರು, ಪ್ಯಾನ್, ಫೋನ್, ಯಾವ ಫಾರ್ಮ್ ಅನ್ನುವ ಕಾಲಂ ಎಲ್ಲರೂ ಹಾಕುತ್ತಾರೆ. ಇನ್ನೂ ಐದು ಹಾಕಿ: ಆಧಾರ್ ಓಟಿಪಿ ಯಾರ ಫೋನಿಗೆ ಹೋಗುತ್ತದೆ, ಕಾಗದ ಬಂದ ದಿನ, ಫೀಸು ಬಂದ ದಿನ, ಫೈಲ್ ಆದ ದಿನ, ವೆರಿಫೈ ಆದ ದಿನ.

ಆಮೇಲೆ ಹೋದ ವರ್ಷ ಯಾರು ಯಾವಾಗ ಬಂದರು ಅಂತ ನೋಡಿ ಬಣ್ಣ ಹಚ್ಚಿ. ಜೂನ್‌ನಲ್ಲೇ ಬಂದವರಿಗೆ ಹಸಿರು, ಫೋನ್ ಮಾಡಿದ ಮೇಲೆ ಬಂದವರಿಗೆ ಹಳದಿ, 30ನೇ ತಾರೀಕು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ತುಂಬಿಕೊಂಡು ಬಂದವರಿಗೆ ಕೆಂಪು. ನಾವು ಸಾಮಾನ್ಯವಾಗಿ ಹಸಿರಿನವರಿಗೇ ಮೊದಲು ಫೋನ್ ಮಾಡುತ್ತೇವೆ, ಯಾಕೆಂದರೆ ಅವರು ಚೆನ್ನಾಗಿ ಮಾತಾಡುತ್ತಾರೆ. ಉಲ್ಟಾ ಮಾಡಿ. ಹಸಿರಿನವರು ನೀವು ಕರೆಯದಿದ್ದರೂ ಬರುತ್ತಾರೆ. ಮೇ ತಿಂಗಳ ಫೋನುಗಳೆಲ್ಲ ಕೆಂಪಿನವರಿಗೆ ಇರಲಿ.

ಎರಡನೇ ಕೆಲಸ ಬೋರು ಹೊಡೆಸುತ್ತದೆ. ಆದರೆ ಸೀಸನ್ ಉಳಿಸುವುದು ಇದೇ. ದಿನಕ್ಕೆ ಹದಿನೈದು ಪಾರ್ಟಿಯಂತೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ರತಿಯೊಬ್ಬರ ಲಾಗಿನ್ ತೆರೆದು ನೋಡಿ. ಪಾಸ್‌ವರ್ಡ್ ನಡೀತಿದೆಯಾ? ಪ್ಯಾನ್-ಆಧಾರ್ ಲಿಂಕ್ ಆಗಿದೆಯಾ? 2023ರ ಜುಲೈ 1ರಿಂದ ಲಿಂಕ್ ಆಗದ ಪ್ಯಾನ್‌ಗಳು ನಿಷ್ಕ್ರಿಯ, ರೀಫಂಡ್ (ಜಾಸ್ತಿ ಕಟ್ಟಿದ ತೆರಿಗೆ ವಾಪಸ್) ಬರುವುದಿಲ್ಲ. ಪ್ರೊಫೈಲಿನಲ್ಲಿ ಯಾರ ಮೊಬೈಲ್ ನಂಬರ್ ಇದೆ?

ಈ ಕೊನೇ ಪ್ರಶ್ನೆ ನನಗೆ ಚೆನ್ನಾಗಿ ಪಾಠ ಕಲಿಸಿದೆ. ಶುರುವಿನಲ್ಲಿ ಸುಲಭ ಆಗಲಿ ಅಂತ ಎಷ್ಟೋ ಪಾರ್ಟಿಗಳ ಪ್ರೊಫೈಲಿನಲ್ಲಿ ನನ್ನದೇ ನಂಬರ್, ನನ್ನದೇ ಈಮೇಲ್ ಹಾಕಿದ್ದೆ. ನಮ್ಮ ಕಸುಬಿನಲ್ಲಿ ಇದು ಹಳೇ ರೋಗ. ಒಬ್ಬ ಪಾರ್ಟಿಗೆ ನೋಟಿಸು ಬಂತು. ಈಮೇಲ್ ನನ್ನ ಇನ್‌ಬಾಕ್ಸಿಗೇ ಬಂದಿತ್ತು, ಸಾವಿರ ಮೇಲ್‌ಗಳ ಕೆಳಗೆ. ನಾನು ನೋಡಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಉತ್ತರ ಕೊಡುವ ದಿನ ದಾಟಿ ಡಿಮ್ಯಾಂಡ್, ಅಂದರೆ ಇಷ್ಟು ಕಟ್ಟಿ ಅನ್ನುವ ಬಾಕಿ, ಕೂತಿತು. ಅವರು ಬೈಯಲಿಲ್ಲ, ಸುಮ್ನೆ ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು. ಆ ಮಳೆಗಾಲವೇ ಎಲ್ಲ ಪ್ರೊಫೈಲ್ ಬದಲಾಯಿಸಿದೆ: ಮುಖ್ಯ ನಂಬರ್ ಪಾರ್ಟಿಯದು, ಎರಡನೇ ನಂಬರ್ ಬೇಕಾದರೆ ಆಫೀಸಿನದು.

ಹಾಗೇ ಬ್ಯಾಂಕ್ ಖಾತೆ ನೋಡಿ. ರೀಫಂಡ್ ಬರಬೇಕಾದರೆ ಖಾತೆ ಪೋರ್ಟಲ್‌ನಲ್ಲಿ ಪ್ರೀ-ವ್ಯಾಲಿಡೇಟ್ ಆಗಿರಬೇಕು, ಅಂದರೆ ಖಾತೆ ಅವರದೇ ಅಂತ ಮೊದಲೇ ಖಚಿತ ಆಗಿರಬೇಕು. ನಮ್ಮ ರಾಜ್ಯದಲ್ಲಿ ಇದರ ಕಷ್ಟ ಬೇರೆ ಥರ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್‌ಗೆ ಹೋದವು. ಇಷ್ಟು ವರ್ಷ ಆದರೂ ಹಳೇ ಸಿಂಡಿಕೇಟ್ ಪಾಸ್‌ಬುಕ್ ಹಿಡಿದು ಬರುವ ಅಜ್ಜಂದಿರಿದ್ದಾರೆ. ಅದರಲ್ಲಿರುವ ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಕಿದರೆ ರೀಫಂಡ್ ಬರುವುದಿಲ್ಲ. ಹೊಸ ಪಾಸ್‌ಬುಕ್ಕಿನ ಮೊದಲ ಪುಟವನ್ನೇ ತರಿಸಿ.

ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಬಂದರೆ ಅದನ್ನು ಮೇ ತಿಂಗಳಲ್ಲೇ ಎತ್ತಿಕೊಳ್ಳಿ. ವಾರಸುದಾರರು ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಡೆತ್ ಸರ್ಟಿಫಿಕೇಟ್ ಮತ್ತು ವಾರಸುದಾರರ ದಾಖಲೆ ಹಾಕಿ, ಒಪ್ಪಿಗೆ ಬಂದ ಮೇಲೆಯೇ ಫೈಲ್ ಮಾಡಬಹುದು. ಜುಲೈ 28ಕ್ಕೆ ಶುರು ಮಾಡುವ ಕೆಲಸ ಅಲ್ಲ ಅದು.

ಜೂನ್: ಎಐಎಸ್ ಇಳಿಸಿಕೊಂಡೇ ಮಾತಾಡಿ

ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ (ಸಂಬಳ, ಬಡ್ಡಿ ಕೊಡುವವರು ಮೊದಲೇ ಹಿಡಿದು ಕಟ್ಟುವ ತೆರಿಗೆ) ರಿಟರ್ನ್‌ಗೆ ಮೇ 31 ಕೊನೇ ದಿನ. ನೌಕರರಿಗೆ ಸಂಬಳ, ಟಿಡಿಎಸ್ ಲೆಕ್ಕದ ಫಾರ್ಮ್ 16 ಕೊಡಲು ಜೂನ್ 15. ಹಾಗಾಗಿ ಜೂನ್ ಎರಡನೇ ವಾರದವರೆಗೆ 26ಎಎಸ್ (ಪಾರ್ಟಿಯ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ (ಇಲಾಖೆಗೆ ತಲುಪಿದ ಅವರ ಆದಾಯ, ವಹಿವಾಟಿನ ಪಟ್ಟಿ) ಎರಡೂ ಅರ್ಧಂಬರ್ಧ ಇರುತ್ತವೆ. "ಬೇಗ ಮಾಡಿ ಕೊಡಿ ಆಡಿಟ್ರೇ, ಲೋನಿಗೆ ಐಟಿ ಬೇಕು" ಅಂತ ಮೇ ತಿಂಗಳಲ್ಲೇ ಬಂದವರನ್ನೂ ನಾನು ಜೂನ್ 15ರವರೆಗೆ ಕಾಯಿಸುತ್ತೇನೆ. ಆಮೇಲೆ ರಿವೈಸ್ ಮಾಡುವ ತಾಪತ್ರಯ ಯಾರಿಗೆ ಬೇಕು?

ಪಾರ್ಟಿ ಎದುರಿಗೆ ಕೂರುವ ಮುಂಚೆಯೇ ಎಐಎಸ್ ಪ್ರಿಂಟ್ ಮೇಜಿನ ಮೇಲಿರಬೇಕು. ಪಿಡಿಎಫ್ ಪಾಸ್‌ವರ್ಡ್ ಚಿಕ್ಕಕ್ಷರದಲ್ಲಿ ಪ್ಯಾನ್, ಅದರ ಹಿಂದೆಯೇ ಹುಟ್ಟಿದ ತಾರೀಕು. ಹೊಸ ಹುಡುಗಿಯರು ದೊಡ್ಡಕ್ಷರ ಹಾಕಿ ಅರ್ಧ ಗಂಟೆ ಕಳೆಯುತ್ತಾರೆ. ಗೋಡೆ ಮೇಲೆ ಬರೆದು ಅಂಟಿಸಿ.

ಯಾಕೆ ಮೊದಲೇ ಬೇಕು ಅಂದರೆ, ಒಬ್ಬ ಹೈಸ್ಕೂಲು ಮೇಷ್ಟ್ರ ಮಾತು ಕೇಳಿ.

"ಸಂಬಳ ಬಿಟ್ಟು ಬೇರೆ ಏನಾದ್ರೂ ಇದೆಯಾ ಸಾರ್?"

"ಏನೂ ಇಲ್ಲಪ್ಪ. ಬರೀ ಸಂಬಳ."

ಪ್ರಿಂಟ್ ತಿರುಗಿಸಿ ತೋರಿಸಿದೆ. ಎಫ್‌ಡಿ ಬಡ್ಡಿ 86,000.

"ಅಯ್ಯೋ, ಅದು ಮಗಳ ಮದುವೆ ದುಡ್ಡು!"

"ಮದುವೆ ದುಡ್ಡಿಗೂ ಬಡ್ಡಿ ಬರುತ್ತೆ ಅಲ್ವಾ ಸಾರ್?"

ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ಆದಾಯವೇ ಅಲ್ಲ. ಹಾಗಾಗಿ "ಬೇರೆ ಆದಾಯ ಇದೆಯಾ" ಅಂತ ಕೇಳಬೇಡಿ. "ಯಾವ ಯಾವ ಬ್ಯಾಂಕಲ್ಲಿ, ಪೋಸ್ಟಾಫೀಸಲ್ಲಿ ಡಿಪಾಸಿಟ್ ಇದೆ? ಸೈಟು ಮಾರಿದ್ರಾ? ಷೇರು, ಮ್ಯೂಚುಯಲ್ ಫಂಡ್ ತೆಗೆದ್ರಾ? ಉಳಿತಾಯ ಖಾತೆಗೆ ನಗದು ಕಟ್ಟಿದ್ದೀರಾ?" ಅಂತ ಒಂದೊಂದಾಗಿ ಕೇಳಿ. ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಿದರೆ ಬ್ಯಾಂಕೇ ಇಲಾಖೆಗೆ ತಿಳಿಸುತ್ತದೆ. ಎಐಎಸ್‌ನಲ್ಲಿ ತಪ್ಪೂ ಇರುತ್ತದೆ. ಜಂಟಿ ಖಾತೆಯ ಬಡ್ಡಿ ಒಬ್ಬರ ಹೆಸರಿನಲ್ಲೇ ಕೂರುವುದು ಮಾಮೂಲು. ಅಂಥ ಕಡೆ ಅಲ್ಲೇ ಫೀಡ್‌ಬ್ಯಾಕ್ ಹಾಕಿ, ಅದರ ಪ್ರಿಂಟ್ ಫೈಲಿನಲ್ಲಿಡಿ.

ಸರ್ಕಾರಿ ನೌಕರರದು ಇನ್ನೊಂದು ಕಥೆ. ಸಂಬಳದಲ್ಲಿ ಟಿಡಿಎಸ್ ಹಿಡಿದಿರುತ್ತಾರೆ, 26ಎಎಸ್‌ನಲ್ಲಿ ಕಾಣುವುದಿಲ್ಲ. ಸಂಬಳ ಬಟವಾಡೆ ಮಾಡುವ ಕಚೇರಿಯವರು ಟಿಡಿಎಸ್ ರಿಟರ್ನ್ ಹಾಕಿಲ್ಲ, ಇಲ್ಲವೇ ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಾಗಿದೆ. ಇದು ಜೂನ್‌ನಲ್ಲಿ ಗೊತ್ತಾದರೆ ಅವರೇ ಹೋಗಿ ಸರಿ ಮಾಡಿಸುತ್ತಾರೆ. ಜುಲೈ 30ಕ್ಕೆ ಗೊತ್ತಾದರೆ ಜಗಳ ನಿಮ್ಮ ಮೇಜಿನ ಮುಂದೆ.

ಕಾಗದ ತರಿಸುವ ಉಪಾಯ

ವಾಟ್ಸಾಪಿನಲ್ಲಿ ಬರುವ ಫೋಟೋ ಶತ್ರು. ಅರ್ಧ ಕತ್ತರಿಸಿದ ಎಲ್‌ಐಸಿ ರಸೀದಿ, ಫ್ಲಾಶ್ ಹೊಡೆದು ಬಿಳಿಯಾದ ಪಾಸ್‌ಬುಕ್, ನಡುವೆ ಒಂದು ಶುಭೋದಯ. ಯಾವುದು ಯಾರದು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ನಾನು ಈಗ ಆಫೀಸಿಗೆ ಬೇರೆ ನಂಬರ್ ಮಾಡಿದ್ದೇನೆ. ಕಾಗದ ಬಂದ ತಕ್ಷಣ ಹುಡುಗಿಯರು ಪ್ಯಾನ್ ನಂಬರಿನ ಫೋಲ್ಡರಿಗೆ ಹಾಕುತ್ತಾರೆ, ಅಲ್ಲಿಂದ ಅಳಿಸುತ್ತಾರೆ. ನನ್ನ ಸ್ವಂತ ನಂಬರಿಗೆ ಬಂದರೆ ಉತ್ತರ ಕೊಡುವುದಿಲ್ಲ. ಮೊದಮೊದಲು ಬೇಜಾರು ಮಾಡಿಕೊಂಡರು, ಆಮೇಲೆ ಒಗ್ಗಿದರು.

ಜೂನ್ 16ಕ್ಕೆ ಎಲ್ಲರಿಗೂ ಒಂದು ಮೆಸೇಜು. ಬರೆದದ್ದನ್ನು ಓದದವರಿಗೆ ಅದನ್ನೇ ನನ್ನ ದನಿಯಲ್ಲಿ ಹೇಳಿ ಕಳಿಸುತ್ತೇನೆ:

"ನಮಸ್ಕಾರ. ಈ ವರ್ಷದ ಐಟಿ ಕೆಲಸ ಶುರುವಾಗಿದೆ. ಜುಲೈ 10ರೊಳಗೆ ಫಾರ್ಮ್ 16, ಎಲ್ಲ ಬ್ಯಾಂಕ್ ಪಾಸ್‌ಬುಕ್, ಎಲ್‌ಐಸಿ, ಮನೆ ಸಾಲದ ಸರ್ಟಿಫಿಕೇಟ್ ತಲುಪಿಸಿ. ಆಧಾರ್‌ಗೆ ಲಿಂಕ್ ಆದ ಫೋನ್ ಕೈಯಲ್ಲೇ ಇರಲಿ. 10ರ ನಂತರ ತಂದರೆ ಫೀಸು ಒಂದೂವರೆ ಪಟ್ಟು. 25ರ ನಂತರ ಹೊಸ ಕಾಗದ ತೆಗೆದುಕೊಳ್ಳುವುದಿಲ್ಲ."

ಸರ್ಕಾರದ ಡ್ಯೂ ಡೇಟ್ ಸಂಬಳದವರಿಗೆ ಜುಲೈ 31, 2026ರಿಂದ ಆಡಿಟ್ ಇಲ್ಲದ ವ್ಯಾಪಾರದವರಿಗೆ ಆಗಸ್ಟ್ 31 ಇರಬಹುದು. ನಿಮ್ಮ ಆಫೀಸಿನ ಡ್ಯೂ ಡೇಟ್ ಜುಲೈ 10. ಅದನ್ನು ನೀವೇ ಮುರಿದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ. ಮೊದಲ ವರ್ಷ ನಾನು ನನ್ನ ಹೆಂಡತಿಯ ತಮ್ಮನ ಕಾಗದವನ್ನೇ 26ಕ್ಕೆ ವಾಪಸ್ ಕಳಿಸಬೇಕಾಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಕಳೆದೆರಡು ವರ್ಷದಲ್ಲಿ ಕಾಗದದ ಪಟ್ಟಿ ಉದ್ದವಾಗಿದೆ. ಹಳೇ ರಿಜೀಮಿನಲ್ಲಿ, ಅಂದರೆ ಹಳೇ ತೆರಿಗೆ ಪದ್ಧತಿಯಲ್ಲಿ, ವಿನಾಯಿತಿ ಕೇಳುವವರು ಬರೀ ಮೊತ್ತ ಹಾಕಿದರೆ ಸಾಲದು. ಆರೋಗ್ಯ ವಿಮೆಯ ಪಾಲಿಸಿ ನಂಬರ್, ಮನೆ ಸಾಲದ ಖಾತೆ ನಂಬರ್ ಎಲ್ಲ ಕೇಳುತ್ತದೆ. ಇದನ್ನು ಮೊದಲ ಮೆಸೇಜಿನಲ್ಲೇ ಹೇಳದಿದ್ದರೆ ಪ್ರತಿ ಪಾರ್ಟಿಗೂ ಎರಡೆರಡು ಸಲ ಫೋನ್ ಮಾಡಬೇಕಾಗುತ್ತದೆ.

ಜುಲೈ: ಜಿಎಸ್‌ಟಿ ಕಾಯುವುದಿಲ್ಲ

ಬರೀ ಐಟಿ ಆಗಿದ್ದರೆ ಜುಲೈ ಇಷ್ಟು ಭಾರ ಆಗುತ್ತಿರಲಿಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ). ಮೂರು ತಿಂಗಳಿಗೊಮ್ಮೆ ಹಾಕುವವರದು 13ಕ್ಕೆ. ಕಾಂಪೊಸಿಷನ್‌ನವರ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳ) ಚಲನ್ 18ಕ್ಕೆ. 20ಕ್ಕೆ 3ಬಿ (ತೆರಿಗೆ ಕಟ್ಟುವ ಜಿಎಸ್‌ಟಿ ರಿಟರ್ನ್), ತ್ರೈಮಾಸಿಕದವರಿಗೆ ನಮ್ಮ ರಾಜ್ಯದಲ್ಲಿ 22. ಇಷ್ಟು ಸಾಲದು ಅಂತ ಮೊದಲ ತ್ರೈಮಾಸಿಕದ ಟಿಡಿಎಸ್ ರಿಟರ್ನ್ ಕೂಡ ಜುಲೈ 31ಕ್ಕೇ.

ನಾನು ದಿನವನ್ನು ಹೀಗೆ ಕತ್ತರಿಸುತ್ತೇನೆ. ಬೆಳಿಗ್ಗೆ 7ರಿಂದ 10 ಬಾಗಿಲು ಮುಚ್ಚಿ ಐಟಿ ಫೈಲಿಂಗ್ ಮಾತ್ರ. ಆ ಹೊತ್ತಿಗೆ ಪೋರ್ಟಲ್ ಹಗುರ, ಫೋನೂ ಬರುವುದಿಲ್ಲ. 10ರಿಂದ 1 ಪಾರ್ಟಿಗಳ ಜೊತೆ. ಊಟ ಆದ ಮೇಲೆ ಜಿಎಸ್‌ಟಿ. 4ರಿಂದ 5 ಖಾಲಿ. ಖಾಲಿ ಅಂದರೆ ಖಾಲಿ. ಆ ಗಂಟೆಗೆ ಯಾವುದಾದರೂ ಕಿರಿಕಿರಿ ಬಂದೇ ಬರುತ್ತದೆ.

2025ರ ಜುಲೈನಲ್ಲಿ ಅಂಥದೇ ಬಂತು. ಯುಪಿಐ ವಹಿವಾಟು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸು ಕೊಟ್ಟಿತು. ಬೇಕರಿ, ಟೀ ಅಂಗಡಿ, ತರಕಾರಿಯವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದರು. ಸೀಸನ್ ನಡುವೆ ಐಟಿಯ ಹೆಸರೂ ಕೇಳದವರು ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಅರ್ಧ ಜನಕ್ಕೆ ಬೇಕಾಗಿದ್ದು ಧೈರ್ಯ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹಾಲು, ಹಸಿ ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಅಣ್ಣನಿಂದ ಬಂದ ಕೈಸಾಲವೂ ಯುಪಿಐ ಲೆಕ್ಕದಲ್ಲಿ ಸೇರಿರುತ್ತದೆ, ಅದು ವ್ಯಾಪಾರ ಅಲ್ಲ. ಇದನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಬಾಗಿಲಲ್ಲೇ ಕೊಟ್ಟೆ. ಉಳಿದ ಮಾತು ಆಗಸ್ಟಿಗೆ ಅಂತ ದಿನ ಕೊಟ್ಟು ಕಳಿಸಿದೆ.

ಫೀಸು

ಅಪ್‌ಲೋಡ್‌ಗೆ ಮುಂಚೆ ಫೀಸು. ಅಷ್ಟೇ. ಕಂಪ್ಯುಟೇಶನ್ ತೋರಿಸಿ, ಕಟ್ಟಬೇಕಾದ ತೆರಿಗೆ ಹೇಳಿ, ಅದೇ ಉಸಿರಿನಲ್ಲಿ ನಿಮ್ಮ ಫೀಸೂ ಹೇಳಿ. ಅಕ್ನಾಲೆಜ್ಮೆಂಟ್ ಕೈಗೆ ಹೋದ ಮೇಲೆ "ಸಂತೆ ದಿನ ಬರ್ತೀನಿ" ಅಂದವರ ಸಂತೆ ಇನ್ನೂ ಬಂದಿಲ್ಲ. ರೀಫಂಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತ್ರ ಯಾವತ್ತೂ ಫೀಸು ಮಾಡಬೇಡಿ. ಅದರ ಕೊನೆ ಎಲ್ಲಿಗೆ ಅಂತ ಮುಂದೆ ಹೇಳುತ್ತೇನೆ.

"ಪಕ್ಕದವನು ರೀಫಂಡ್ ತರಿಸಿಕೊಟ್ಟ"

ಪ್ರತಿ ಸೀಸನ್‌ನಲ್ಲೂ ನಾಲ್ಕೈದು ಜನ ಇದನ್ನು ಹೇಳುತ್ತಾರೆ. ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರಿಗೆ ಎಪ್ಪತ್ತು ಸಾವಿರ ವಾಪಸ್ ಬಂತಂತೆ, ನಿಮಗೆ ಯಾಕೆ ಆಗಲ್ಲ? ಹೇಗೆ ಬಂತು ಅಂತ ಕೆದಕಿದರೆ ಕೊಡದ ರಾಜಕೀಯ ಪಕ್ಷದ ದೇಣಿಗೆ, ಇಲ್ಲದ ಬಾಡಿಗೆ ಮನೆ, ಇಲ್ಲದ ಕಾಯಿಲೆ.

2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ವಿನಾಯಿತಿ ಹಾಕುವ ಮಧ್ಯವರ್ತಿಗಳ ಮೇಲೆ ದೇಶಾದ್ಯಂತ ಪರಿಶೀಲನೆ ನಡೆಸಿತು. ಸುಮಾರು 150 ಜಾಗ. ಕಮಿಷನ್ ಮೇಲೆ ರಿಟರ್ನ್ ಹಾಕುವ ಜಾಲಗಳೇ ಗುರಿ. ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ 200 ಪರ್ಸೆಂಟ್ ದಂಡ ಬೀಳಬಹುದು, ಅದು ಪಾರ್ಟಿಗೆ. ನಮಗೆ ಹೋಗುವುದು ಊರಿನಲ್ಲಿ ಕಟ್ಟಿಕೊಂಡ ಹೆಸರು.

ಇದನ್ನೆಲ್ಲ ವಾದ ಮಾಡಬೇಡಿ, ಸಮಯ ಹಾಳು. ನಾನು ಒಂದೇ ಮಾತು ಹೇಳುತ್ತೇನೆ: "ರಸೀದಿ ತನ್ನಿ ಸಾರ್, ಹಾಕ್ತೀನಿ." ರಸೀದಿ ಇಲ್ಲದವರು ಹೋಗುತ್ತಾರೆ. ಹೋದವರಲ್ಲಿ ಇಬ್ಬರು ಎರಡು ವರ್ಷದ ಮೇಲೆ ನೋಟಿಸು ಹಿಡಿದು ವಾಪಸ್ ಬಂದರು. ಅಪ್‌ಡೇಟೆಡ್ ರಿಟರ್ನ್ (ತಪ್ಪನ್ನು ಆಮೇಲೆ ತಾವಾಗಿಯೇ ಸರಿಪಡಿಸುವ ರಿಟರ್ನ್) ಹಾಕಿ ಹೆಚ್ಚುವರಿ ತೆರಿಗೆ ಕಟ್ಟಿಕೊಳ್ಳಿ ಅಂತ ಮೊದಲೇ ಹೇಳಿದ್ದೆ. ನೋಟಿಸು ಬಂದ ಮೇಲೆ ಆ ದಾರಿ ಅಷ್ಟು ಸಲೀಸಲ್ಲ.

ಕಣ್ಣು ಮಂಜಾಗುವ ಹೊತ್ತು

ರಾತ್ರಿ 9ರ ಮೇಲೆ ಫೈಲ್ ಮಾಡಿದ್ದೇ ನನ್ನ ಹೆಚ್ಚಿನ ತಪ್ಪುಗಳು. ಒಂದು ಸಲ ಅಪ್ಪನ ಬಡ್ಡಿಯನ್ನು ಮಗನ ರಿಟರ್ನ್‌ಗೆ ಹಾಕಿದೆ, ಇಬ್ಬರ ಇನಿಷಿಯಲ್ಲೂ ಒಂದೇ. ಈಗ ನಿಯಮ: ತುಂಬಿದವರು ಫೈಲ್ ಮಾಡುವಂತಿಲ್ಲ. ಒಬ್ಬಳು ತುಂಬುತ್ತಾಳೆ, ಇನ್ನೊಬ್ಬಳು ಬೆರಳಿಟ್ಟು ನೋಡುತ್ತಾಳೆ. ಪ್ಯಾನ್, ರಿಜೀಮ್, ಟಿಡಿಎಸ್ ಮೊತ್ತ, ಬ್ಯಾಂಕ್ ಖಾತೆಯ ಕೊನೇ ನಾಲ್ಕಂಕಿ. ನಾಲ್ಕೇ, ಆದರೆ ಜೋರಾಗಿ ಓದಬೇಕು. ಒಬ್ಬರೇ ಇರುವವರು ಸಂಜೆ ತುಂಬಿ ಬೆಳಿಗ್ಗೆ ನೋಡಿ ಫೈಲ್ ಮಾಡಿ.

ರಿಜೀಮ್ ವಿಷಯದಲ್ಲಿ ಜಾಗ್ರತೆ. ಈಗ ಹೊಸ ರಿಜೀಮೇ ತಾನಾಗಿ ಬಂದು ಕೂರುತ್ತದೆ. ವ್ಯಾಪಾರದವರು ಹಳೇದು ಬೇಕೆಂದರೆ ಡ್ಯೂ ಡೇಟ್ ಒಳಗೆ ಫಾರ್ಮ್ 10-ಐಇಎ ಹಾಕಬೇಕು. ಸಂಬಳದವರೂ ದಿನ ದಾಟಿಸಿದರೆ ಹಳೇದು ಸಿಗುವುದಿಲ್ಲ. ಮನೆ ಸಾಲ, ಬಾಡಿಗೆ ಇರುವ ಮೇಷ್ಟ್ರಿಗೆ ಲೇಟ್ ಫೀ 5,000ಕ್ಕಿಂತ ಈ ಹೊಡೆತವೇ ಜೋರು. ಅಂಥವರ ಫೈಲಿನ ಮೇಲೆ ಕೆಂಪು ಚೀಟಿ ಅಂಟಿಸಿ, ಮೊದಲು ಮುಗಿಸಿ.

ಕೊನೇ ವಾರ

2024ರ ಜುಲೈ 31ರಂದು ಒಂದೇ ದಿನ ದೇಶದಲ್ಲಿ 69.92 ಲಕ್ಷ ರಿಟರ್ನ್ ಬಿದ್ದವು. ಸಂಜೆ 7ರಿಂದ 8ರ ಒಂದು ಗಂಟೆಯಲ್ಲೇ 5.07 ಲಕ್ಷ. ಆ ಗಂಟೆಗೆ ನೀವು ಕೂತಿದ್ದರೆ ಸುತ್ತುವ ಚಕ್ರ ನೋಡುತ್ತಾ ಕೂರಬೇಕು. 30ಕ್ಕೆ ಮುಗಿಸಿ. ಯುಪಿಎಸ್ ಬ್ಯಾಟರಿ ಮೇ ತಿಂಗಳಲ್ಲೇ ನೋಡಿಸಿ. ಎರಡನೇ ಸಿಮ್‌ನ ಹಾಟ್‌ಸ್ಪಾಟ್ ಇರಲಿ, ಮಳೆಗಾಲದಲ್ಲಿ ಕೇಬಲ್ ನಂಬುವ ಹಾಗಿಲ್ಲ.

"ಡೇಟ್ ಮುಂದೆ ಹೋಗುತ್ತಂತೆ" ಅನ್ನುವ ಮಾತಿಗೆ ಕಿವಿ ಕೊಡಬೇಡಿ. 2025ರಲ್ಲಿ ನಿಜಕ್ಕೂ ಹೋಯಿತು. ಜುಲೈ 31 ಇದ್ದದ್ದು ಸೆಪ್ಟೆಂಬರ್ 15 ಆಯಿತು, ಆಮೇಲೆ ಇನ್ನೊಂದು ದಿನ ಸೇರಿ 16. ಅದರಿಂದ ನನಗೆ ಆದ ಲಾಭ ಏನು? ಆಗಸ್ಟ್ ಪೂರ್ತಿ ಯಾರೂ ಬರಲಿಲ್ಲ. ಗೌರಿ-ಗಣೇಶ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಬಂದರು. ಊರಿನ ಸಿಎ ಸೆಪ್ಟೆಂಬರ್ 30ರ ಆಡಿಟ್ ರಿಪೋರ್ಟಿಗೆ ಒದ್ದಾಡುತ್ತಿದ್ದರು, ಅವರ ಸಹಿ ಬೇಕಾದ ನನ್ನ ಪಾರ್ಟಿಗಳೂ ನಡುವೆ ಸಿಕ್ಕಿಕೊಂಡರು. ಆಡಿಟ್ ದಿನಾಂಕವೂ ಅಕ್ಟೋಬರ್ 31ಕ್ಕೆ ಹೋಯಿತು, ಆದರೆ ಆ ಸುದ್ದಿ ಬಂದದ್ದು ಸೆಪ್ಟೆಂಬರ್ ಕೊನೇ ವಾರ. ದಿನ ಮುಂದೆ ಹೋದಾಗಲೂ ಜುಲೈ 10 ಅನ್ನುವ ನಿಮ್ಮ ಗೆರೆ ಬದಲಾಯಿಸಬೇಡಿ.

ಫೈಲ್ ಮಾಡಿದ ತಕ್ಷಣ ವೆರಿಫೈ, ಅಂದರೆ ರಿಟರ್ನ್ ತಮ್ಮದೇ ಅಂತ ಪಾರ್ಟಿ ಓಟಿಪಿ ಕೊಟ್ಟು ಖಚಿತಪಡಿಸುವುದು. ಫೈಲ್ ಮಾಡಿ 30 ದಿನದೊಳಗೆ ಆಗದಿದ್ದರೆ ಡ್ಯೂ ಡೇಟಿನ ಲೆಕ್ಕ ತಪ್ಪಿ ಲೇಟ್ ಆದಂತೆ. ಆಧಾರ್ ಫೋನ್ ಇಲ್ಲದವರಿಗೆ ನೆಟ್ ಬ್ಯಾಂಕಿಂಗ್, ಇಲ್ಲವೇ ವ್ಯಾಲಿಡೇಟ್ ಆದ ಬ್ಯಾಂಕ್ ಖಾತೆಯ ಕೋಡ್. ಅದೂ ಇಲ್ಲದ ಅಜ್ಜಿಯರಿಗೆ ಐಟಿಆರ್-ವಿ (ವೆರಿಫೈ ಮಾಡಲು ಸಹಿ ಹಾಕುವ ಹಾಳೆ) ಪ್ರಿಂಟ್ ತೆಗೆದು, ನೀಲಿ ಇಂಕಿನಲ್ಲಿ ಸಹಿ ಹಾಕಿಸಿ, ಬೆಂಗಳೂರು 560500ರ ಸಿಪಿಸಿಗೆ (ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ) ಸ್ಪೀಡ್ ಪೋಸ್ಟ್. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಬಂದು ಸೇರುವುದು ನಮ್ಮ ಬೆಂಗಳೂರಿಗೇ, ಆದರೂ ನಮ್ಮ ಊರಿನವರ ಲಕೋಟೆಗೆ ಅದರಿಂದ ರಿಯಾಯಿತಿ ಏನೂ ಇಲ್ಲ. ರಸೀದಿ ಜೋಪಾನ.

ಆಗಸ್ಟ್ 1

ಆಫೀಸು ರಜೆ. 2ನೇ ತಾರೀಕು ಬೆಳಿಗ್ಗೆ ಎಕ್ಸೆಲ್ ಶೀಟಿನ ಕೊನೇ ಕಾಲಂ ನೋಡಿ. ವೆರಿಫೈ ಆದ ದಿನ ಖಾಲಿ ಇರುವವರಿಗೆ ಅವತ್ತೇ ಫೋನ್. ಹೋದ ಸಲ ನನ್ನ ಶೀಟಿನಲ್ಲಿ ಹನ್ನೊಂದು ಜನ ಉಳಿದಿದ್ದರು. ಅದರಲ್ಲಿ ಒಂಬತ್ತು ಜನರ ಓಟಿಪಿ ಮಗನ ಫೋನಿಗೆ ಹೋಗುತ್ತಿತ್ತು. ಆ ಒಂಬತ್ತೂ ಮಂದಿಗೆ ಆಧಾರ್ ಕೇಂದ್ರಕ್ಕೆ ಹೋಗಿ ಸ್ವಂತ ನಂಬರ್ ಹಾಕಿಸಿಕೊಳ್ಳಿ ಅಂತ ಚೀಟಿ ಬರೆದು ಕೊಟ್ಟಿದ್ದೇನೆ. ಹಾಕಿಸಿಕೊಂಡಿದ್ದು ನಾಲ್ಕು ಜನ. ಉಳಿದ ಐವರಿಗೆ ಶೀಟಿನಲ್ಲಿ ಕೆಂಪು ಬಣ್ಣ ಹಚ್ಚಿದ್ದೇನೆ, ಮೇ ತಿಂಗಳ ಮೊದಲ ಫೋನ್ ಅವರಿಗೇ.